ಒಳಗೆ ಎಂತಾದ್ರೂ ಉಂಟಾ?

ಅವರು ತೀರಿಕೊಂಡ ಸುದ್ದಿ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ಬಂದ ಬೆಳಿಗ್ಗೆ, ಕೈಮುಗಿದ ಚಿತ್ರಗಳ ನಡುವೆ ಒಬ್ಬರು ಬರೆದಿದ್ದರು: 'ಛೆ, ಇನ್ನು ನಮ್ಮ ಲ್ಯಾಪ್‌ಟಾಪ್ ಯಾರು ನೋಡುವುದು?' ನನಗೆ ಮೈಯೆಲ್ಲ ಉರಿಯಿತು. ಒಂದು ಜೀವ ಹೋದ ಹೊತ್ತಿನಲ್ಲಿ ಇವರಿಗೆ ಲ್ಯಾಪ್‌ಟಾಪಿನ ಚಿಂತೆ. ಖಾರವಾಗಿ ಏನೋ ಬರೆಯಲು ಹೊರಟವಳು ಅರ್ಧಕ್ಕೆ ನಿಲ್ಲಿಸಿದೆ. ಹಾಗೆ ಬರೆದವರು ಸುಳ್ಳು ಹೇಳಿರಲಿಲ್ಲ. ಮಂಗಳೂರು ಶಕ್ತಿನಗರದ ನಮ್ಮ ಈ ಹಳೆಯ ಕಟ್ಟಡದಲ್ಲಿ ಅವರ ಕೈ ತಾಗದ ಕಂಪ್ಯೂಟರ್ ಇರಲಿಲ್ಲ. ಅತ್ತು ಕೂರುವುದಕ್ಕಿಂತ ಹೀಗೆ ನೆನೆಸಿಕೊಂಡರೆ ಅವರಿಗೂ ಇಷ್ಟವಾಗುತ್ತಿತ್ತೋ ಏನೋ. ಆದರೂ ಅವತ್ತು ಆ ಮೆಸೇಜಿಗೆ ಹೆಬ್ಬೆರಳೆತ್ತಿದವರನ್ನು ನಾನಿನ್ನೂ ಕ್ಷಮಿಸಿಲ್ಲ.

ನನ್ನ ಎದುರು ಮನೆಯವರು ಅವರು. ಗಿಡ್ಡ ದೇಹ, ದೊಡ್ಡ ಗಂಟಲು. ತಲೆಯ ಶಾಲು ಯಾವಾಗಲೂ ಜಾರುತ್ತಿತ್ತು, ಅದನ್ನು ಎಳೆದುಕೊಳ್ಳುತ್ತಲೇ ಮಾತಾಡುತ್ತಿದ್ದರು. ಉಳ್ಳಾಲದ ಕಡೆಯ ಬ್ಯಾರಿ ಕುಟುಂಬ. ಗಂಡ ಗಲ್ಫಿನ ಒಂದು ಗ್ರೋಸರಿ ಅಂಗಡಿಯಲ್ಲಿ, ಮಗಳು ಇಲ್ಲಿ ಶಾಲೆಯಲ್ಲಿ. ಇವರು ಬೆಳಿಗ್ಗೆ ಅಕ್ಕಿಹಿಟ್ಟಿನ ಪತ್ತಿರ್ ತಟ್ಟಿ, ಮಗಳನ್ನು ಕಳಿಸಿ, ಬಾಗಿಲು ತೆರೆದಿಟ್ಟು ಕೂರುವ ಹೆಂಗಸು. ಬಾಗಿಲು ಮುಚ್ಚಿದ ಮನೆಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಮೊದಮೊದಲು ನಾನು ಬಾಗಿಲು ಹಾಕಿಕೊಂಡು ಕೂತರೆ, 'ಅಕ್ಕನಿಗೆ ಎಂತಾದ್ರೂ ಆಯ್ತಾ' ಎಂದು ಬೆಲ್ ಒತ್ತಿ ವಿಚಾರಿಸುತ್ತಿದ್ದರು. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ, ಅದಕ್ಕೆ ನಿಶ್ಶಬ್ದ ಬೇಕು ಎಂದು ಎಷ್ಟು ಸಲ ಹೇಳಿದರೂ ಅವರಿಗೆ ಅದು ಕಾಯಿಲೆಯ ಹಾಗೆಯೇ ಕೇಳುತ್ತಿತ್ತು.

ಕಂಪ್ಯೂಟರಿನ ಹುಚ್ಚು ಹಿಡಿದದ್ದು ಲಾಕ್‌ಡೌನಿನಲ್ಲಿ. ಮಗಳ ಆನ್‌ಲೈನ್ ತರಗತಿಗೆ ಯಾರೋ ಕೊಟ್ಟ ಹಳೆಯ ಲ್ಯಾಪ್‌ಟಾಪ್, ಆನ್ ಮಾಡಿ ಅನ್ನಕ್ಕಿಟ್ಟು ಬಂದರೂ ಎದ್ದಿರುತ್ತಿರಲಿಲ್ಲ. ಅಂಗಡಿಗಳೆಲ್ಲ ಮುಚ್ಚಿದ್ದವು. ಸಂಬಂಧದ ಒಬ್ಬ ಹುಡುಗ ಫೋನಿನಲ್ಲಿ, ಪುಕ್ಕಟೆ ಸಿಗುವ ಲಿನಕ್ಸ್ ಅಂತ ಒಂದು ಉಂಟು, ಅದನ್ನು ಪೆನ್‌ಡ್ರೈವಿಗೆ ಇಳಿಸಿ ಹಾಕಿದರೆ ಮುದಿ ಮಿಷನ್ನೂ ಓಡುತ್ತದೆ ಎಂದನಂತೆ. ಇವರು ಅವನನ್ನು ಫೋನಿನಲ್ಲೇ ಹಿಡಿದು ಕೂರಿಸಿ, ಬೈದು, ಬೈಸಿಕೊಂಡು, ಸಂಜೆಯೊಳಗೆ ಹಾಕಿಯೇ ಬಿಟ್ಟರು. ಮರುದಿನದಿಂದ ಕಟ್ಟಡದಲ್ಲಿ ಯಾರ ಕಂಪ್ಯೂಟರ್ ಕೆಮ್ಮಿದರೂ ಇವರು ಹಾಜರು. ಕರೆದರೆ ಬರುತ್ತಿದ್ದರು, ಕರೆಯದಿದ್ದರೂ ಬರುತ್ತಿದ್ದರು.

ಆ ಪೆನ್‌ಡ್ರೈವ್ ಅವರ ಬೀಗದ ಕೈ ಗೊಂಚಲಿನಲ್ಲಿ, ಕಪಾಟಿನ ಕೀಲಿ ಮತ್ತು ಮುಂಬಾಗಿಲಿನ ಕೀಲಿಯ ನಡುವೆ ತೂಗುತ್ತಿತ್ತು. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಆದರೆ ಕಂಪ್ಯೂಟರಿನ ಎದುರು ಕೂತ ತಕ್ಷಣ ಅವರು ಕನ್ನಡಕ್ಕೆ ಬರುತ್ತಿದ್ದರು. ಕನ್ನಡ ಮೀಡಿಯಮ್ಮಿನಲ್ಲಿ ಕಲಿತವರಿಗೆ ವಿದ್ಯೆಯ ವಿಷಯ ಬಂದರೆ ಕನ್ನಡವೇ ಸರಿ ಎನ್ನುವುದು ಅವರ ಲೆಕ್ಕ. ಮಿಷನ್ ಎದ್ದೇಳುವಾಗ ಕೀಬೋರ್ಡಿನ ಮೇಲಿನ ಸಾಲಿನ ಒಂದು ಗುಂಡಿಯನ್ನು ಟಕಟಕ ಒತ್ತುತ್ತಲೇ ಇರಬೇಕು, ಇಲ್ಲದಿದ್ದರೆ ಅದು ಪೆನ್‌ಡ್ರೈವನ್ನು ನೋಡುವುದೇ ಇಲ್ಲ. 'ಕುಕ್ಕರಿನ ವಿಸಿಲಿಗೆ ಕಾದ ಹಾಗೆ ಕಾಯ್ಬಾರ್ದು. ಮಲಗಿದ ಮಗುವನ್ನು ಶಾಲೆಗೆ ಎಬ್ಬಿಸಿದ ಹಾಗೆ ಎಬ್ಬಿಸ್ತಾ ಇರ್ಬೇಕು' ಎನ್ನುತ್ತಿದ್ದರು.

ಇದೆಲ್ಲ ಯಾರಾದರೂ ಮಾಡುವ ಕೆಲಸವೇ. ಅವರದ್ದೇ ಆದ ಪದ್ಧತಿ ಬೇರೆ ಒಂದಿತ್ತು. ಎಲ್ಲ ಆಗಿ, 'ಈ ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಿ ಹೊಸತು ಹಾಕಲೇ' ಎಂದು ಪರದೆಯ ಮೇಲೆ ಬರುತ್ತದಲ್ಲ, ಅಲ್ಲಿ ಅವರು ಕೈ ಎತ್ತಿಬಿಡುತ್ತಿದ್ದರು. ಮಿಷನಿನ ಮಾಲೀಕರ ಮುಖ ನೋಡಿ, 'ಒಳಗೆ ಎಂತಾದ್ರೂ ಉಂಟಾ? ಸರಿ ನೆನಪು ಮಾಡಿ' ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ನಂಬುತ್ತಿರಲಿಲ್ಲ. ಎದ್ದು ಅದೇ ಮನೆಯ ಅಡುಗೆಕೋಣೆಗೆ ಹೋಗಿ, ಮನೆಯವರು ಬೇಡ ಬೇಡ ಎಂದರೂ, ಚಾ ಮಾಡುತ್ತಿದ್ದರು. ಚಾ ಕುದಿಯುವಷ್ಟು ಹೊತ್ತು ಮನುಷ್ಯ ಒಬ್ಬನೇ ಕೂತರೆ ಮರೆತದ್ದೆಲ್ಲ ನೆನಪಾಗುತ್ತದೆ ಎಂದು ಅವರ ನಂಬಿಕೆ. ಲೋಟ ಹಿಡಿದು ಬಂದು ಮತ್ತೆ ಕೇಳುತ್ತಿದ್ದರು. ಚಾ ಮುಗಿದ ಮೇಲೆ ಇನ್ನೊಮ್ಮೆ. ಅಷ್ಟಾದ ಮೇಲೂ ಗುಂಡಿ ಒತ್ತುವುದು ಮಾಲೀಕರೇ. ತಾನು ಒತ್ತುತ್ತಿರಲಿಲ್ಲ. 'ಒತ್ತುವವರೆಗೆ ನಿಮ್ಮ ಕೈಯಲ್ಲಿ, ಒತ್ತಿದ ಮೇಲೆ ಅಲ್ಲಾಹನ ಕೈಯಲ್ಲಿ' ಎನ್ನುವುದು ಅವರ ಖಾಯಂ ಮಾತು.

ಕೆಳಗಿನ ಮನೆಯಲ್ಲಿ ನಿವೃತ್ತರೊಬ್ಬರಿದ್ದಾರೆ, ಎಲ್ಲ ವಿಷಯಕ್ಕೂ 'ನನಗೆ ಗೊತ್ತುಂಟು' ಎನ್ನುವ ಜಾತಿ. ಅವರ ಮನೆಯಲ್ಲಿ ಚಾ ಆಗುವ ಮೊದಲೇ, 'ಎಂತದೂ ಇಲ್ಲಮ್ಮ, ನನ್ನ ಮಿಷನ್ ನನಗೆ ಗೊತ್ತಿಲ್ಲವಾ' ಎಂದು ಟಪಕ್ಕನೆ ಒತ್ತಿಬಿಟ್ಟರು. ಅರ್ಧ ಆಗುವಾಗ ತಲೆಯ ಮೇಲೆ ಕೈ ಹೊತ್ತರು. ಮಗಳ ಮದುವೆಗೆಂದು ಕೂಡಿಟ್ಟ ಜಾತಕಗಳು, ತಮ್ಮ ಷಷ್ಟ್ಯಬ್ದಿಯ ಫೋಟೊಗಳು ಎಲ್ಲ ಅದರಲ್ಲೇ ಇದ್ದವಂತೆ. ನಿಲ್ಲಿಸಿ, ನಿಲ್ಲಿಸಿ ಎಂದು ಪೆನ್‌ಡ್ರೈವಿಗೆ ಕೈ ಹಾಕಿದರು. ಇವರು ಆ ಕೈ ಹಿಡಿದು, 'ಅರ್ಧದಲ್ಲಿ ತೆಗೀಬಾರ್ದು. ಈಗ ತೆಗೆದ್ರೆ ಹಳತೂ ಇಲ್ಲ ಹೊಸತೂ ಇಲ್ಲ' ಎಂದು ಹೇಳಿ, ಏನೂ ಆಗದವರ ಹಾಗೆ ಚಾ ಸೋಸಲು ಹೋದರು. ನಾನು ಅಲ್ಲೇ ಇದ್ದೆ. ಎಂಥ ಕಲ್ಲು ಮನಸ್ಸಿನ ಹೆಂಗಸು ಮಾರಾಯ್ತಿ ಎಂದು ಆಗ ಅನ್ನಿಸಿತ್ತು.

ನನ್ನ ಲ್ಯಾಪ್‌ಟಾಪೂ ತಪ್ಪಲಿಲ್ಲ. ಕಡತಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಚಾ ಕುಡಿದು, ನಾನೇ ಗುಂಡಿ ಒತ್ತಿ ಹೊಸತು ಹಾಕಿಸಿಕೊಂಡೆ. ಮಿಷನ್ ಜಿಂಕೆಯ ಹಾಗೆ ಓಡತೊಡಗಿತು. ಆದರೆ ನನ್ನ ಹಳೆಯ ಕನ್ನಡ ಫಾಂಟು ಹೊಸ ಸಿಸ್ಟಮ್ಮಿಗೆ ಗೊತ್ತಿರಲಿಲ್ಲ. ತಿದ್ದಿಟ್ಟ ಕರಡುಗಳೆಲ್ಲ ಸೊನ್ನೆ, ಗೀಟು, ಅರ್ಧಚಂದ್ರಗಳಾಗಿ ನಿಂತವು. ಪ್ರಿಂಟರ್ ಮುಷ್ಕರ ಹೂಡಿತು. ಜಗಳಕ್ಕೆ ಹೋದರೆ ಅವರು ಕನ್ನಡಕ ಏರಿಸಿ ಪರದೆಯನ್ನು ನೋಡಿ, 'ಓಡ್ತದಲ್ಲ ಅಕ್ಕ, ಓದ್ಲಿಕ್ಕೆ ಆಗುದಿಲ್ಲ ಅಷ್ಟೇ ಅಲ್ವಾ' ಎಂದರು. ಕನ್ನಡದ ತಿದ್ದುಗಾರ್ತಿಗೆ ಹೇಳುವ ಮಾತಾ ಇದು? ಮೂರ್ನಾಲ್ಕು ದಿನ ಮಾತು ಬಿಟ್ಟೆ. ಆಮೇಲೆ ಮೀನು ತಿನ್ನದ ನನ್ನ ಮನೆಗೆ ಬರೀ ಪತ್ತಿರ್ ಮತ್ತು ತೆಂಗಿನ ಹಾಲು ಕಳಿಸಿದರು. ತಿನ್ನದೆ ಇರುವುದು ಹೇಗೆ?

ಇನ್ನು ಅವರ ಗಂಡನ ವಿಷಯ. ರಜೆಯಲ್ಲಿ ಬಂದಾಗ ನೋಡಿದ್ದು ಅಷ್ಟೇ. ಎತ್ತರದ, ತಗ್ಗಿದ ದನಿಯ ಮನುಷ್ಯ. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ, ಅರಬಿ ಎಲ್ಲ ಬರುತ್ತಿತ್ತು, ಎಲ್ಲದರಲ್ಲೂ ಕಡಿಮೆ ಮಾತಾಡುತ್ತಿದ್ದರು. ಗಲ್ಫಿನಲ್ಲಿ ಅವರ ಹತ್ತಿರವೂ ಒಂದು ಲ್ಯಾಪ್‌ಟಾಪ್ ಇತ್ತು. ಅಲ್ಲಿಂದ ವಿಡಿಯೊ ಕಾಲ್ ಸರಿಯಾಗಿ ಸಿಗುತ್ತಿರಲಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ರೂಮಿಗೆ ಬಂದು, ಲ್ಯಾಪ್‌ಟಾಪಿನ ಎದುರು ಕೂತು, ವಾರದಲ್ಲಿ ನಡೆದದ್ದನ್ನೆಲ್ಲ ಮಗಳಿಗೆ ಹೇಳಿ ರೆಕಾರ್ಡ್ ಮಾಡಿಡುತ್ತಿದ್ದರು. ಅಂಗಡಿಗೆ ಬೆಕ್ಕು ಬಂದದ್ದು, ಬಂಗಾಳದ ಹುಡುಗ ಈರುಳ್ಳಿ ಮೂಟೆಯ ಮೇಲೆ ನಿದ್ದೆ ಹೋದದ್ದು, ಮರಳುಗಾಳಿಗೆ ಬೀದಿಯೇ ಕಾಣದ್ದು. ರಜೆಗೆ ಬರುವಾಗ ಲ್ಯಾಪ್‌ಟಾಪ್ ತರುತ್ತಿದ್ದರು. ತಾಯಿ, ಮಗಳು, ಅವರು, ಮೂವರೂ ಕೂತು ಅವರದ್ದೇ ಮಾತನ್ನು ಸಿನಿಮಾದ ಹಾಗೆ ನೋಡುತ್ತಿದ್ದರು. ಎದುರಿಗೇ ಕೂತ ಮನುಷ್ಯನನ್ನು ಬಿಟ್ಟು ಪರದೆಯೊಳಗಿನವರನ್ನು ನೋಡಿ ನಗುವುದು ನನಗೆ ಬಾಗಿಲಿನಿಂದಲೇ ಕೇಳುತ್ತಿತ್ತು. ಕಾಪಿ ಮಾಡಿಟ್ಟುಕೊಳ್ಳಿ ಎಂದು ಒಮ್ಮೆ ಇವರಿಗೆ ಹೇಳಿದೆ. 'ಎಂತಕ್ಕೆ, ಮನುಷ್ಯನೇ ಬರ್ತಾರಲ್ಲ' ಎಂದಿದ್ದರು.

ಆ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಗಂಡ ಫೋನಿನಲ್ಲಿ ಹೇಳಿದ್ದೇ ತಡ, ಇವರ ಕೈ ತುರಿಸತೊಡಗಿತು. ಊರಿನಿಂದ ಹೊರಟವರೊಬ್ಬರ ಕೈಯಲ್ಲಿ ಪೆನ್‌ಡ್ರೈವ್ ಕಳಿಸಿದರು. ಕಳೆದುಹೋಗಬಾರದೆಂದು ಒಣ ಸಿಗಡಿಯ ಪೊಟ್ಟಣದೊಳಗೆ ಇಟ್ಟು ಹೊಲಿದಿದ್ದರು. ಒಂದು ಶುಕ್ರವಾರ ಫೋನಿನಲ್ಲೇ ಪಾಠ. ಆ ಕಡೆಯಿಂದ ಗಂಡ ಪರದೆಯ ಇಂಗ್ಲಿಷನ್ನು ಒಂದೊಂದೇ ಅಕ್ಷರ ಓದಿ ಹೇಳುವುದು, ಈ ಕಡೆಯಿಂದ ಇವರು ಕಣ್ಣು ಮುಚ್ಚಿ ಆ ಪರದೆಯನ್ನು ನೆನಪಿಸಿಕೊಂಡು ಅಪ್ಪಣೆ ಕೊಡುವುದು. ಪದ್ಧತಿ ಗಂಡನಿಗೂ ತಪ್ಪಲಿಲ್ಲ. ಒಳಗೆ ಎಂತಾದ್ರೂ ಉಂಟಾ ಎಂದು ಕೇಳಿ, ವಿಡಿಯೊಗಳನ್ನೆಲ್ಲ ರೂಮಿನವನೊಬ್ಬನ ಡ್ರೈವಿಗೆ ಹಾಕಿಸಿ, ಹೊಸತು ಆದ ಮೇಲೆ ವಾಪಸ್ ತುಂಬಿಸಿ, ಆ ಡ್ರೈವಿನಿಂದ ಅಳಿಸಿಹಾಕಿಸಿದರು. ನಡುವೆ ಒಂದು ಪ್ರಶ್ನೆ ಬಂತು: ಡಿಸ್ಕಿಗೆ ಬೀಗ ಹಾಕಬೇಕೇ? ಇವರು ಹಾಕಿ ಎಂದರು. ಒಂದು ರೂಮಿನಲ್ಲಿ ಏಳೆಂಟು ಮಂಚ, ಇಂದು ಇದ್ದವರು ನಾಳೆ ಇಲ್ಲ. ಮಗಳಿಗೆ ಹೇಳಿದ ಮಾತನ್ನು ಊರವರೆಲ್ಲ ನೋಡುವುದು ಬೇಡ. 'ಗಟ್ಟಿ ಒಂದು ಪಾಸ್‌ವರ್ಡ್ ಹಾಕಿ. ಎಲ್ಲಿಯೂ ಬರೆದಿಡ್ಬೇಡಿ. ನನಗೂ ಹೇಳ್ಬೇಡಿ, ಈ ಫೋನು ಯಾರ್ಯಾರು ಕೇಳ್ತಾರೋ' ಎಂದರು. ಹೆಂಡತಿಯ ಮಾತು ಕೇಳುವ ಗಂಡ. ಹೇಳಲಿಲ್ಲ, ಬರೆಯಲೂ ಇಲ್ಲ.

ಆಮೇಲೆ ಅವರಿಗೆ ರಜೆ ಸಿಗಲಿಲ್ಲ. ಈ ವರ್ಷ, ಮುಂದಿನ ವರ್ಷ ಎಂದು ತಳ್ಳಿಕೊಂಡು ಹೋಯಿತು. ಶುಕ್ರವಾರದ ರೆಕಾರ್ಡು ಮಾತ್ರ ತಪ್ಪಲಿಲ್ಲವಂತೆ, ಎಲ್ಲ ಕೂಡಿಡುತ್ತಿದ್ದೇನೆ, ಒಟ್ಟಿಗೆ ಕೂತು ನೋಡುವ ಎನ್ನುತ್ತಿದ್ದರಂತೆ. ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಕುಸಿದರು. ಸ್ಟ್ರೋಕ್. ಅಲ್ಲಿಯ ಆಸ್ಪತ್ರೆ ಮುಗಿಸಿ, ಜೊತೆಗಾರರು ಹಣ ಹೊಂದಿಸಿ, ಗಾಲಿಕುರ್ಚಿಯಲ್ಲಿ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ತಂದು ಮುಟ್ಟಿಸಿದರು. ಬಲಗೈ, ಬಲಗಾಲು ಸತ್ತಿದ್ದವು. ಕಾಲು ಕ್ರಮೇಣ ಕೋಲು ಹಿಡಿದು ನಡೆಯುವಷ್ಟು ಬಂತು. ಮಾತು ಬರಲಿಲ್ಲ.

ಪೂರ್ತಿ ಬರಲಿಲ್ಲ ಎನ್ನುವ ಹಾಗೂ ಇಲ್ಲ. ಒಂದೇ ಒಂದು ಪದ ಉಳಿದಿತ್ತು: 'ಥೋಡಾ.' ಹಿಂದಿಯ ಥೋಡಾ, ಸ್ವಲ್ಪ. ಅಂಗಡಿಯ ತಕ್ಕಡಿಯ ಹಿಂದೆ ನಿಂತು ಎಷ್ಟು ಸಲ ಹೇಳಿದ್ದರೋ. ಅನ್ನ ಬೇಕಾ ಎಂದರೆ ಥೋಡಾ. ನೋವಾ ಎಂದರೆ ಥೋಡಾ. ಯಾರು ಬಂದಿದ್ದಾರೆ ನೋಡಿ ಎಂದರೂ ಥೋಡಾ. ಹೌದಕ್ಕೂ ಅದೇ, ಅಲ್ಲಕ್ಕೂ ಅದೇ. ತಪ್ಪು ಪದ ಬಂತೆಂದು ಅವರಿಗೆ ತಿಳಿಯುತ್ತಿತ್ತು, ಹಣೆ ಗಂಟಿಕ್ಕಿ ಮತ್ತೆ ಪ್ರಯತ್ನಿಸುತ್ತಿದ್ದರು, ಮತ್ತೆ ಅದೇ ಬರುತ್ತಿತ್ತು. 'ಇಷ್ಟು ಭಾಷೆ ಬರ್ತಿತ್ತಲ್ಲ ಅಕ್ಕ ಇವರಿಗೆ. ಉಳಿಯುವುದಾದ್ರೆ ನನ್ನ ಹೆಸರಾದ್ರೂ ಉಳೀಬಾರ್ದಿತ್ತಾ' ಎಂದು ಒಂದು ದಿನ ಬಟ್ಟೆ ಮಡಚುತ್ತ ಹೇಳಿದರು. ನಾನು ಬಟ್ಟೆ ಮಡಚಲು ಸೇರಿಕೊಂಡೆ. ಬೇರೆ ಏನು ಮಾಡಲು ಬರುತ್ತಿತ್ತು ನನಗೆ?

ಬಿಕರ್ನಕಟ್ಟೆಯಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ಹುಡುಗಿ ಇದ್ದಳು. ಗಂಡನನ್ನು ರಿಕ್ಷಾದಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅವರು ಮೊದಲು ಹೇಗೆ ಮಾತಾಡುತ್ತಿದ್ದರು, ರೆಕಾರ್ಡು ಏನಾದರೂ ಉಂಟಾ, ಕೇಳಿಸಿದರೆ ಸಹಾಯ ಆದೀತು ಎಂದು ಆ ಹುಡುಗಿ ಕೇಳಿದಳಂತೆ. ಫೋನಿನಲ್ಲಿ ಆಡಿದ್ದೆಲ್ಲ ಆಡಿದಲ್ಲಿಗೇ ಹೋಗಿತ್ತು. ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ಜೊತೆಗಾರರು ಅದನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಭದ್ರವಾಗಿ ಕಳಿಸಿದ್ದರು. ಆನ್ ಮಾಡಿದರೆ ಕಪ್ಪು ಪರದೆಯ ನಡುವೆ ಒಂದು ಗೆರೆ ಮಿಣುಕಿ ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ಇದ್ದದ್ದು ಅದರ ಎದುರು ಕೂತ ಮನುಷ್ಯನ ತಲೆಯಲ್ಲಿ, ಬಾಯಿಗೆ ಬರುವ ದಾರಿ ಮಾತ್ರ ಕಡಿದುಹೋಗಿತ್ತು.

ಪೆನ್‌ಡ್ರೈವಿನಿಂದ ಎಬ್ಬಿಸಿ ಒಳಗಿನದ್ದನ್ನು ನೋಡಬಹುದಲ್ಲ ಎಂದು ನಾನು ತಿಳಿದವಳ ಹಾಗೆ ಕೇಳಿದೆ. ಬೇರೆಯವರ ಮನೆಯಲ್ಲಿ ಹಾಗೆ ಮಾಡಿದ್ದನ್ನು ನೋಡಿದ್ದೆ. ಬೀಗ ಹಾಕದ ಡಿಸ್ಕಾದರೆ ಆಗುತ್ತದೆ, ಬೀಗ ಹಾಕಿದ್ದರೆ ಒಳಗಿನದ್ದೆಲ್ಲ ಪುಡಿಪುಡಿ ಮಾಡಿ ಕಲಸಿಟ್ಟ ಹಾಗೆ, ಆ ಒಂದು ಪದ ಇಲ್ಲದೆ ಯಾರಿಂದಲೂ ಕೂಡಿಸಲು ಸಾಧ್ಯವಿಲ್ಲ ಎಂದು ವಿವರಿಸಿದರು. ಆದರೂ ಹಂಪನಕಟ್ಟೆಯ ಅಂಗಡಿಗಳನ್ನೆಲ್ಲ ಸುತ್ತಿದರು. ಎಲ್ಲರೂ ಅದನ್ನೇ ಹೇಳಿದರು. ಹೊಸತು ಹಾಕಿ ಕೊಡ್ತೇವೆ, ಹಳತು ತೆಗೆಯಲು ಆಗುವುದಿಲ್ಲ. ಉಳ್ಳಾಲದ ದರ್ಗಾಕ್ಕೂ ಹರಕೆ ಹೇಳಿದರು.

ಸಂಜೆಯ ನಮಾಜಾದ ಮೇಲೆ ಪ್ರಯತ್ನ ಸುರುವಾಗುತ್ತಿತ್ತು. ಗಂಡನ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ಅವರು ಎಡಗೈಯ ಒಂದು ಬೆರಳಲ್ಲಿ ಒತ್ತುತ್ತಿದ್ದರು. ಪರದೆಯಲ್ಲಿ ಅಕ್ಷರ ಕಾಣದು, ಬರೀ ಚುಕ್ಕಿಗಳು. ಮಿಷನ್ ಸ್ವಲ್ಪ ಹೊತ್ತು ಯೋಚಿಸುವ ಹಾಗೆ ಮಾಡಿ, ಆಗುವುದಿಲ್ಲ ಎನ್ನುತ್ತಿತ್ತು. ಕೆಲವು ದಿನ ಅವರ ಬೆರಳು ಸರಾಗವಾಗಿ ಓಡಿ ನಡುವೆ ಒಂದು ಕಡೆ ನಿಂತುಬಿಡುತ್ತಿತ್ತು, ಮನೆಯ ದಾರಿಯಲ್ಲಿ ಒಂದು ತಿರುವು ಮರೆತವರ ಹಾಗೆ. ನನ್ನನ್ನೂ ಕರೆಯುತ್ತಿದ್ದರು, ಪದಗಳ ಕೆಲಸದವಳಲ್ಲವೇ ನಾನು. ಮಗಳ ಹೆಸರು, ಅವರ ತಾಯಿಯ ಹೆಸರು, ಅಂಗಡಿಯ ಹೆಸರು, ಉಳ್ಳಾಲದ ಬಸ್ಸಿನ ನಂಬರು ಎಲ್ಲ ಹಾಕಿ ನೋಡಿದೆವು. ತಿರುಗಿಸಿ ಹಾಕಿದೆವು, ಕೂಡಿಸಿ ಹಾಕಿದೆವು. ಒಂದೊಂದಕ್ಕೂ ಇವರು ಗಂಡನ ಮುಖ ನೋಡಿ, ಇದಾ, ಇದಾ ಎಂದು ಕೇಳುವುದು, ಅವರು ಥೋಡಾ ಎನ್ನುವುದು. ಜೀವಮಾನವೆಲ್ಲ ಪದ ತಿದ್ದಿದವಳಿಗೆ ಆ ಒಂದು ಪದ ಸಿಗಲಿಲ್ಲ. ನನ್ನ ವಿದ್ಯೆಗೆ ಬೆಂಕಿ ಬಿತ್ತು ಅನ್ನಿಸುತ್ತಿತ್ತು.

ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಅವರು ಹೇಳಿದ್ದು ನನಗೆ ಹಾಗೆಯೇ ನೆನಪಿದೆ.

'ಬೇರೆಯವರ ಹತ್ರ ನಾನು ಕೇಳ್ತೇನಲ್ಲ ಅಕ್ಕ, ಒಳಗೆ ಎಂತಾದ್ರೂ ಉಂಟಾ ಅಂತ. ಅವರಿಗೆ ಗೊತ್ತಿರುದಿಲ್ಲ. ನನಗೆ ಇದರೊಳಗೆ ಎಂತ ಉಂಟು ಅಂತ ಸರಿ ಗೊತ್ತುಂಟು. ಎರಡು ವರ್ಷದ ಶುಕ್ರವಾರ ಉಂಟು. ಬೀಗ ಹಾಕಿಸಿದ್ದು ನಾನು. ನನಗೂ ಹೇಳ್ಬೇಡಿ ಅಂತ ಹೇಳಿದ್ದೂ ನಾನು.'

ಸಮಾಧಾನ ಹೇಳಲು ನೋಡಿದೆ. ಯಾರಾದರೂ ಅದನ್ನೇ ಹೇಳುತ್ತಿದ್ದರು, ಬುದ್ಧಿವಂತರು ಮಾಡುವ ಕೆಲಸವೇ ಅದು ಎಂದೆ. ಅವರು ಶಾಲು ಎಳೆದುಕೊಂಡು ಎದ್ದು ಹೋದರು.

ಬರಬರುತ್ತ ಗಂಡನಿಗೆ ಸಂಜೆ ಎಂದರೆ ಹೆದರಿಕೆಯಾಗತೊಡಗಿತು. ಲ್ಯಾಪ್‌ಟಾಪ್ ಕಂಡ ಕೂಡಲೇ ಮುಖ ಗೋಡೆಗೆ ತಿರುಗಿಸುತ್ತಿದ್ದರು. ಒಮ್ಮೆ ದಿಂಬನ್ನು ತಳ್ಳಿದರು. ಒಮ್ಮೆ, ಅಷ್ಟು ಎತ್ತರದ ಮನುಷ್ಯ, ಮಗುವಿನ ಹಾಗೆ ಅತ್ತರು. ಮಧ್ಯಾಹ್ನದ ಊಟ ಸೇರುತ್ತಿತ್ತು, ರಾತ್ರಿಯದ್ದು ಸೇರುತ್ತಿರಲಿಲ್ಲ. ಬಿಕರ್ನಕಟ್ಟೆಯ ಹುಡುಗಿ, ಇದನ್ನು ನಿಲ್ಲಿಸಿ, ಹೀಗೆ ಪರೀಕ್ಷೆ ಮಾಡಿದರೆ ಅವರು ಬಾಯಿ ತೆರೆಯುವುದನ್ನೇ ಬಿಟ್ಟಾರು ಎಂದಳು. ನಿಲ್ಲಿಸುತ್ತೇನೆ ಎಂದು ಇವರು ಒಪ್ಪಿಕೊಂಡು ಬಂದರು. ಎರಡು ದಿನ ಬಿಟ್ಟು ಮತ್ತೆ ದಿಂಬು, ಮತ್ತೆ ಚುಕ್ಕಿ. ನಾನು ರೇಗಿದೆ. ಗಂಡನಿಗಿಂತ ಗಂಡನ ವಿಡಿಯೊ ಹೆಚ್ಚಾಯಿತಾ ನಿಮಗೆ ಎಂದುಬಿಟ್ಟೆ. ಅವರು ದಿಂಬು ತೆಗೆದು ಗಂಡನಿಗೆ ನೀರು ಕುಡಿಸಿದರು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ನನ್ನನ್ನು ಕರೆದರು. ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು, ಗೊಂಚಲಿನಿಂದ ಬಿಡಿಸಿದ ಪೆನ್‌ಡ್ರೈವ್ ಅದಕ್ಕೆ ಚುಚ್ಚಿತ್ತು. ಹೊಸತು ಹಾಕುತ್ತೇನೆ ಎಂದರು. ಬೇಡ, ಕಪಾಟಿನಲ್ಲಿಟ್ಟು ಬೀಗ ಹಾಕಿ, ಮಾತು ಎಂದಾದರೊಂದು ದಿನ ಬಂದೀತು, ಆಗ ಇರಲಿ ಎಂದೆ. ಕೀಲಿ ನನ್ನ ಮನೆಯಲ್ಲಿ ಇಡಿ ಎಂದೆ.

'ನಿಮ್ಮ ಮನೆಯಲ್ಲಿ ಇಟ್ರೂ ಅದು ಉಂಟು ಅಂತ ನನಗೆ ಗೊತ್ತಿರ್ತದಲ್ಲ. ಅದು ಇರುವವರೆಗೆ ನಾನು ಇವರನ್ನು ಕೇಳದೆ ಇರುವವಳಲ್ಲ ಅಕ್ಕ. ನನ್ನ ಬುದ್ಧಿ ನನಗೆ ಗೊತ್ತುಂಟು' ಎಂದರು.

ಆಮೇಲೆ ಗಂಡನನ್ನು ಕೋಲು ಹಿಡಿಸಿ ಕರೆತಂದು ಮೇಜಿನ ಮುಂದೆ ಕೂರಿಸಿದರು. ಪರದೆಯಲ್ಲಿ ಆ ಪ್ರಶ್ನೆ ಬಂತು. ಅವರು ಯಾವತ್ತಿನ ಹಾಗೆ ಕೈ ಎತ್ತಿಕೊಂಡು ಗಂಡನ ಮುಖ ನೋಡಿದರು. ಮನೆಯಲ್ಲಿ ಬ್ಯಾರಿಯಲ್ಲಿ ಮಾತಾಡುವವರು ಅವತ್ತು ಕನ್ನಡದಲ್ಲೇ ಕೇಳಿದರು.

'ಒಳಗೆ ಎಂತಾದ್ರೂ ಉಂಟಾ?'

'ಥೋಡಾ' ಎಂದರು ಗಂಡ.

ಅದು ಉತ್ತರವೋ, ಉಳಿದಿದ್ದ ಪದವೋ, ನಮ್ಮಲ್ಲಿ ಯಾರಿಗೆ ಗೊತ್ತು? ಇವರು ಎದ್ದು ಚಾ ಮಾಡಲು ಹೋದರು. ಆ ಚಾ ಕುದಿದು ಕುದಿದು ಕಹಿ ವಾಸನೆ ಬರುವಷ್ಟಾದರೂ ಹೊರಗೆ ಬರಲಿಲ್ಲ. ನಲ್ಲಿಯ ನೀರು ಬಿಟ್ಟುಕೊಂಡಿದ್ದರು. ನಾನು ಅವರ ಗಂಡನ ಪಕ್ಕ ಕೂತು, ಬೇಡದಿದ್ದರೆ ಬೇಡ ಎಂದು ತಲೆಯಾಡಿಸಿದೆ. ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ಅಡುಗೆಕೋಣೆಯ ಬಾಗಿಲನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎಡಗೈಯ ಬೆರಳನ್ನು ಗುಂಡಿಯ ಮೇಲಿಟ್ಟು, ಬೆರಳು ಬಿಳಿಚುವಷ್ಟು ಬಲವಾಗಿ ಒತ್ತಿದರು.

ಇವರು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇನ್ನೂ ಎರಡು ಸಲ ಕೇಳುವುದು ಬಾಕಿಯಿತ್ತು. ಪರದೆಯ ಮೇಲೆ ಪಟ್ಟಿ ಓಡುತ್ತಿತ್ತು. ನಾನು ಮೂರ್ಖಳ ಹಾಗೆ ಪೆನ್‌ಡ್ರೈವಿಗೆ ಕೈ ಹಾಕಿದೆ. ಅವರು ಲೋಟಗಳನ್ನು ಕೆಳಗಿಟ್ಟು, ಬಂದು ನನ್ನ ಕೈ ಹಿಡಿದರು. 'ಅರ್ಧದಲ್ಲಿ' ಎಂದಷ್ಟೇ ಹೇಳಿದರು. ಗಂಡನ ಭುಜಕ್ಕೆ ತಲೆಯಿಟ್ಟು ಅತ್ತರು. ಕಲ್ಲು ಮನಸ್ಸಿನವರೆಂದು ನಾನು ತಿಳಿದಿದ್ದ ಹೆಂಗಸು. ಗಂಡ ಒಂದೇ ಕೈಯಲ್ಲಿ ಅವರ ಶಾಲನ್ನು ತಲೆಯ ಮೇಲೆ ಎಳೆದು ಸರಿಮಾಡುತ್ತಿದ್ದರು. ನಾನು ಎದ್ದು ನನ್ನ ಮನೆಗೆ ಬಂದು, ಅವತ್ತು ಬಾಗಿಲು ಹಾಕಿಕೊಂಡೆ.

ಅಲ್ಲಿಂದ ಮೇಲೆ ಅವರ ಮನೆಯ ಸಂಜೆಗಳು ಬದಲಾದವು. ಅದೇ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕೂತು ಯಾರ್ಯಾರೋ ಊರು ಸುತ್ತುವ ವಿಡಿಯೊ, ಫುಟ್‌ಬಾಲ್ ಆಟ, ಮೀನು ಹಿಡಿಯುವವರ ವಿಡಿಯೊ ನೋಡುತ್ತಿದ್ದರು. ಗಂಡ ನಗುವುದು ಕೇಳುತ್ತಿತ್ತು. ನಗುವಿಗೆ ಪದ ಬೇಕಾಗಿರಲಿಲ್ಲವಲ್ಲ. ರಾತ್ರಿಯ ಊಟ ಸೇರತೊಡಗಿತು. ಹಳೆಯ ದನಿ ಯಾರಿಗೂ ಸಿಗಲಿಲ್ಲ. ಮಗಳು ಮದುವೆಯಾಗಿ ಹೋಗುವಾಗ ಅದನ್ನು ನೆನೆದು ಅತ್ತಳು. ಇವರು ಕಟ್ಟಡದ ಕಂಪ್ಯೂಟರುಗಳಿಗೆ ಹೊಸತು ಹಾಕುವುದನ್ನು ಬಿಡಲಿಲ್ಲ. ಪ್ರಶ್ನೆ ಕೇಳುವಾಗ ಮಾತ್ರ ಮೊದಲಿನ ದೊಡ್ಡ ಗಂಟಲು ಇರುತ್ತಿರಲಿಲ್ಲ.

ಇವರು ತೀರಿಕೊಂಡದ್ದು ಎದೆನೋವಿನಿಂದ, ಆಸ್ಪತ್ರೆ ಮುಟ್ಟುವ ಮೊದಲೇ. ಉಳ್ಳಾಲದಲ್ಲಿ ಮಣ್ಣು ಮಾಡಿದರು. ದಿನಗಳೆಲ್ಲ ಮುಗಿದು, ಮಗಳು ತಂದೆಯನ್ನು ತನ್ನ ಮನೆಗೆ ಕರೆದೊಯ್ಯಲು ಬಂದ ಮಧ್ಯಾಹ್ನ ನಾನು ಎದುರು ಮನೆಗೆ ಹೋದೆ. ಮಗಳು ಒಳಗೆ ಸಾಮಾನು ಕಟ್ಟುತ್ತಿದ್ದಳು. ನನ್ನನ್ನು ಕಂಡದ್ದೇ ಅವಳ ತಂದೆ ಎದ್ದು, ನನ್ನ ಮಣಿಕಟ್ಟು ಹಿಡಿದು, ಲ್ಯಾಪ್‌ಟಾಪ್ ಇದ್ದ ಮೇಜಿಗೆ ಕರೆದುಕೊಂಡು ಹೋದರು. ಕುರ್ಚಿ ತೋರಿಸಿದರು. ಕೂತು, ತೆರೆದೆ. ಅವರು ಪರದೆಯ ಕಡೆ ಬೆರಳು ಮಾಡಿ 'ಥೋಡಾ' ಎಂದರು.

ಏನೋ ಬೇಕಾಗಿತ್ತು ಅವರಿಗೆ. ಒಳಗೆ ಎಲ್ಲೋ ಇರುವ ಏನೋ ಒಂದು. ಹೆಂಡತಿ ದಿನಾ ತೋರಿಸುತ್ತಿದ್ದದ್ದು ಇರಬೇಕು. ನಾನು ಮೀನಿನ ವಿಡಿಯೊ ತೆರೆದೆ, ಅಲ್ಲವೆಂದು ಕೈಯಾಡಿಸಿದರು. ಫುಟ್‌ಬಾಲ್ ತೆರೆದೆ. ಮಗಳ ಮದುವೆಯ ಫೋಟೊ ತೆರೆದೆ, ಅದರಲ್ಲಿ ಇವರು ಬಿರಿಯಾನಿಯ ದೊಡ್ಡ ಹಂಡೆಯ ಪಕ್ಕ ನಿಂತು ಯಾರಿಗೋ ಬೈಯುತ್ತಿದ್ದರು. ಅದನ್ನು ನೋಡಿ ಅವರ ಕಣ್ಣು ತುಂಬಿತು, ಆದರೆ ಅದೂ ಅಲ್ಲ. ಅವರ ಹಣೆಯ ಮೇಲೆ ಬೆವರು ಬಂತು. ಇದಾ ಎಂದೆ. ಇದಾ? ಇದಾದರೂ ಆಗಬಹುದಾ? ಒಂದೊಂದು ಫೋಲ್ಡರ್ ತೆರೆದು, ಅವರ ಮುಖ ನೋಡಿ, ಮತ್ತೆ ಕೇಳಿ, ಮತ್ತೆ ತೆರೆದು. ಅವರು ಥೋಡಾ, ಥೋಡಾ ಎನ್ನುತ್ತಿದ್ದರು, ದನಿ ಕುಗ್ಗುತ್ತ ಬಂತು. ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ಈ ಕೇಳುವುದು ನಿಲ್ಲಲಿ ಎಂದೇ ಆ ಹೆಂಗಸು ಎರಡು ವರ್ಷದ ಶುಕ್ರವಾರಗಳನ್ನು ಅಳಿಸಲು ಕೂತದ್ದು. ಅದೂ ಗೊತ್ತಿತ್ತು. ಆದರೂ ನನಗೆ ನಿಲ್ಲಿಸಲು ಆಗಲಿಲ್ಲ. ಇನ್ನೊಂದು ಫೋಲ್ಡರ್ ತೆರೆದರೆ ಸಿಗಬಹುದೇನೋ ಅನ್ನಿಸುತ್ತಿತ್ತು.

ಕೊನೆಗೆ ಅವರೇ ಎಡಗೈ ಚಾಚಿ, ನನ್ನ ಬೆರಳುಗಳನ್ನು ಮೆಲ್ಲಗೆ ಸರಿಸಿ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಆಮೇಲೆ ನನ್ನ ಕೈಯ ಹಿಂಬದಿಯನ್ನು ಎರಡು ಸಲ ತಟ್ಟಿದರು, ಪರವಾಗಿಲ್ಲ ಎನ್ನುವ ಹಾಗೆ. ಮಗಳು ಕಾರು ಬಂತು ಎಂದು ಕರೆದಳು.